ಫೋನೋ ಕಾರ್ಟ್ರಿಜ್

ಫೋನೋ ಕಾರ್ಟ್ರಿಜ್ ಎಂಬುದು ಗ್ರಾಮಫೋನ್ ತಟ್ಟೆಯ ಗೀರಿನಲ್ಲಿ ಅಡಗಿರುವ ಅಲೆಗಳನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಚಿಕ್ಕ ಸಾಧನ. ಟರ್ನ್‌ಟೇಬಲ್ಲಿನ ತೋಳಿನ ತುದಿಯಲ್ಲಿ ಇದನ್ನು ಕೂರಿಸಲಾಗಿರುತ್ತದೆ. ಇದರ ಕೆಳಗೆ ಚಾಚಿಕೊಂಡು ತಟ್ಟೆಯನ್ನು ಮುಟ್ಟುವ ಮೊನೆಗೆ ಸ್ಟೈಲಸ್ ಎಂದು ಹೆಸರು. ಕನ್ನಡದ ಮನೆಮಾತಿನಲ್ಲಿ ಅದು ಮುಳ್ಳು ಅಥವಾ ಪಿನ್ನು. ಮುಳ್ಳು ಗೀರಿನೊಳಗೆ ಅಲುಗುತ್ತದೆ, ಕಾರ್ಟ್ರಿಜ್ ಆ ಅಲುಗಾಟವನ್ನು ವಿದ್ಯುತ್ತಾಗಿಸುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಈ ಲೇಖನದಲ್ಲಿ ಗೀರು ಎಂಬ ಪದವನ್ನು ತಟ್ಟೆಯ ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸಾಗುವ, ಧ್ವನಿಯನ್ನು ಹೊತ್ತ ಸಣ್ಣ ಕಾಲುವೆಯ ಅರ್ಥದಲ್ಲಿ ಬಳಸಲಾಗಿದೆ. ಕೈತಪ್ಪಿನಿಂದ ಬೀಳುವ ಗಾಯಕ್ಕೆ ಕೆರೆತ ಎನ್ನಲಾಗಿದೆ.

ಹಳೆಯ ಮೈಸೂರು ಪ್ರಾಂತ್ಯದ ಇತರ ಊರುಗಳಂತೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲೂ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಸಿಗಬಹುದಾದ ತಟ್ಟೆಗಳು ಒಂದೇ ಬಗೆಯವಲ್ಲ. ನಿಮಿಷಕ್ಕೆ 78 ಸುತ್ತು ಸುತ್ತುವ ಅರಗಿನ ತಟ್ಟೆಗಳು, 45ರ ಚಿಕ್ಕ ಈಪಿಗಳು, 33⅓ರ ಎಲ್‌ಪಿಗಳು ಒಟ್ಟಿಗೇ ಇರುವುದುಂಟು. ಮೇಲ್ನೋಟಕ್ಕೆ ಮೂರೂ ಕಪ್ಪು ತಟ್ಟೆಗಳೇ. ಆದರೆ ಒಂದಕ್ಕೆ ಸಲ್ಲುವ ಮುಳ್ಳು ಇನ್ನೊಂದಕ್ಕೆ ಸಲ್ಲದು. ಸಲ್ಲದ ಮುಳ್ಳಿನಿಂದ ಒಮ್ಮೆ ನುಡಿಸಿದರೂ ಆಗುವ ಹಾನಿಯನ್ನು ಸರಿಪಡಿಸುವ ಉಪಾಯ ಇಲ್ಲ. ಆದ್ದರಿಂದ ಕಾರ್ಟ್ರಿಜ್ ಆಯ್ಕೆ ಆರಂಭವಾಗಬೇಕಾದದ್ದು ಕಂಪನಿಯ ಹೆಸರಿನಿಂದಲೋ ಬೆಲೆಯಿಂದಲೋ ಅಲ್ಲ, ಕೈಯಲ್ಲಿರುವ ತಟ್ಟೆಯಿಂದ.

ಅರಗಿನ ತಟ್ಟೆ

ಎಡಿಸನ್ 1877ರಲ್ಲಿ ರೂಪಿಸಿದ ಫೋನೋಗ್ರಾಫ್ ಉರುಳೆಯ ಮೇಲೆ ಧ್ವನಿ ಬರೆಯುತ್ತಿತ್ತು. ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ತಂದವನು ಎಮಿಲ್ ಬರ್ಲಿನರ್. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಗ್ರಾಮಫೋನ್ ಕಂಪನಿಯ ಪರವಾಗಿ ಬಂದಿದ್ದ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ದಾಖಲಿಸಿಕೊಂಡ. ಗೌಹರ್ ಜಾನ್ ಮುಂದೆ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಧ್ವನಿ ಉಳಿದಿರುವುದು ಅರಗಿನ ತಟ್ಟೆಗಳಿಂದಾಗಿ.

ಅರಗು ಚನ್ನಪಟ್ಟಣದ ಓದುಗರಿಗೆ ಹೊಸ ವಸ್ತುವಲ್ಲ. ಅಲ್ಲಿನ ಬೊಂಬೆಗಳಿಗೆ ಹೊಳಪು ತರುವುದು ಅದೇ. ತಿರುಗಣೆಗೆ ಕಟ್ಟಿದ ಮರದ ತುಂಡು ವೇಗವಾಗಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಿಸಿಗೆ ಮೆತ್ತಗಾಗಿ ತಣಿದಾಗ ಗಟ್ಟಿಯಾಗುವ ಈ ಗುಣವೇ ಗ್ರಾಮಫೋನ್ ತಯಾರಕರಿಗೂ ಬೇಕಾಗಿತ್ತು. ಸುಮಾರು ಕಾಲು ಭಾಗದಷ್ಟು ಅರಗಿಗೆ ಕಲ್ಲಿನ ಪುಡಿ, ಹತ್ತಿಯ ನಾರು, ಇದ್ದಿಲ ಕಪ್ಪು ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ಕೈ ಜಾರಿದರೆ ಹಪ್ಪಳದಂತೆ ಒಡೆಯುವುದು ಈ ತಟ್ಟೆಯ ದೋಷ.

ಕಲ್ಲಿನ ಪುಡಿಗೆ ಇನ್ನೊಂದು ಕೆಲಸವೂ ಇತ್ತು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನಿನಲ್ಲಿ ವಿದ್ಯುತ್ ಕಾರ್ಟ್ರಿಜ್ ಇರಲಿಲ್ಲ. ಉಕ್ಕಿನ ಮುಳ್ಳು ನೇರವಾಗಿ ಒಂದು ತೆಳು ಪೊರೆಯನ್ನು ಅಲುಗಿಸಿ ಕಹಳೆಯ ಮೂಲಕ ಧ್ವನಿ ಹೊರಡಿಸುತ್ತಿತ್ತು. ಆ ಪೊರೆಯ ಡಬ್ಬಿಯ ಭಾರ ನೂರು ಗ್ರಾಂ ದಾಟುತ್ತಿತ್ತು. ತಟ್ಟೆಯ ಒರಟು ಪುಡಿ ಮೊದಲ ಕೆಲವು ಸುತ್ತುಗಳಲ್ಲೇ ಉಕ್ಕಿನ ಮುಳ್ಳನ್ನು ತೇಯ್ದು ಗೀರಿನ ಅಳತೆಗೆ ಹೊಂದಿಸುತ್ತಿತ್ತು. ಒಂದು ಬದಿ ಮುಗಿಯುವಷ್ಟರಲ್ಲಿ ಮುಳ್ಳು ಉಳಿಯಂತೆ ಹರಿತವಾಗಿರುತ್ತಿದ್ದುದರಿಂದ ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕೆಂಬುದು ಕಂಪನಿಗಳ ಸೂಚನೆ. ತಗಡಿನ ಪುಟ್ಟ ಡಬ್ಬಿಗಳಲ್ಲಿ ಮುಳ್ಳುಗಳನ್ನು ರಾಶಿಯಾಗಿ ಮಾರುತ್ತಿದ್ದುದು ಅದಕ್ಕಾಗಿಯೇ. ಮಿತವ್ಯಯದ ಮನೆಗಳಲ್ಲಿ ಒಂದೇ ಮುಳ್ಳನ್ನು ಹತ್ತು ಹಾಡಿಗೆ ಓಡಿಸಿದ್ದರೆ ಅದರ ಗುರುತು ಇಂದಿಗೂ ತಟ್ಟೆಯ ಮೇಲೆ ಬೂದುಬಣ್ಣದ ಪಟ್ಟೆಯಾಗಿ ಕಾಣುತ್ತದೆ, ಕರಕರ ಸದ್ದಾಗಿ ಕೇಳುತ್ತದೆ.

ಕರ್ನಾಟಕ ಸಂಗೀತ, ರಂಗಗೀತೆ, ಆರಂಭದ ಚಿತ್ರಗೀತೆಗಳು ಉಳಿದುಕೊಂಡದ್ದು ಹೀಗೆ, ಬದಿಗೆ ಮೂರು ಮೂರೂವರೆ ನಿಮಿಷದ ತುಣುಕುಗಳಾಗಿ. ಭಾರತದಲ್ಲಿ 78ರ ತಟ್ಟೆಗಳು ಬೇರೆ ದೇಶಗಳಿಗಿಂತ ಹೆಚ್ಚು ಕಾಲ ಬಾಳಿದವು. 1960ರ ದಶಕದಲ್ಲಿ ಇಂಗ್ಲೆಂಡಿನ ಬೀಟಲ್ಸ್ ಗುಂಪಿನ ಹಾಡುಗಳು ಕೂಡ ಇಲ್ಲಿ 78ರಲ್ಲಿ ಮಾರಾಟವಾದವು. ಹಾಗಾಗಿ ತಟ್ಟೆಯ ಮೇಲಿನ ಹಾಡು ಹೊಸದೆಂಬ ಕಾರಣಕ್ಕೆ ಅದು ವಿನೈಲ್ ಎಂದು ಭಾವಿಸಬಾರದು. ಲೇಬಲ್ ಮೇಲಿನ ವೇಗವನ್ನು ಓದಬೇಕು. ಅಕ್ಷರ ಅಳಿಸಿದ್ದರೆ ತಟ್ಟೆಯ ತೂಕ ನೋಡಬೇಕು. ಅರಗಿನದು ಭಾರ, ಬಾಗುವುದಿಲ್ಲ. ಅನುಮಾನವಿದ್ದಾಗ ಬಾಗಿಸಿ ಪರೀಕ್ಷಿಸುವ ಸಾಹಸ ಬೇಡ.

ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯ ಜನಪದ ಹಾಡುಗಾರಿಕೆಗೆ ತಟ್ಟೆಯ ಭಾಗ್ಯ ಅಷ್ಟಾಗಿ ಒದಗಲಿಲ್ಲ. ಮೂರು ನಿಮಿಷದ ಬದಿ ಮಹಾಕಾವ್ಯಗಳಂಥ ಕಥನಗೀತೆಗಳಿಗೆ ಸಾಲುತ್ತಲೂ ಇರಲಿಲ್ಲ. ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸ್ಥಾಪಿಸಿದ ಜಾನಪದ ಲೋಕದಂಥ ಕಡೆ ಇಂಥ ಹಾಡುಗಳ ದಾಖಲೀಕರಣ ನಡೆದಾಗ ತಟ್ಟೆಯ ಯುಗ ಮುಗಿದಿತ್ತು.

ವಿನೈಲ್ ತಟ್ಟೆ

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ ವೇಗದ ಎಲ್‌ಪಿಯನ್ನೂ ಮರುವರ್ಷ ಆರ್‌ಸಿಎ ಕಂಪನಿ 45ರ ತಟ್ಟೆಯನ್ನೂ ಹೊರತಂದವು. ಮೈಸೂರಿನ ಜಯಚಾಮರಾಜ ಒಡೆಯರ್ ಅವರ ನೆರವಿನಿಂದ ರಷ್ಯಾ ಮೂಲದ ಸಂಗೀತಕಾರ ಮೆಟ್ನರ್ ಅವರ ಕೃತಿಗಳು ಲಂಡನ್ನಿನಲ್ಲಿ 78ರ ತಟ್ಟೆಗಳಾಗಿ ಹೊರಬರುತ್ತಿದ್ದ ಕಾಲವೂ ಅದೇ; ಹಳೆಯದು ಮುಗಿಯುವ ಹೊತ್ತು, ಹೊಸದು ಹುಟ್ಟುವ ಹೊತ್ತು ಒಂದೇ ಆಗಿತ್ತು. ವಿನೈಲ್ ನುಣುಪಾದ ಪ್ಲಾಸ್ಟಿಕ್. ಅದರಲ್ಲಿ ಕಲ್ಲಿನ ಪುಡಿಯಿಲ್ಲದ ಕಾರಣ ಗೀರನ್ನು ಬಹಳ ಸಣ್ಣಗೆ ಕೊರೆಯಬಹುದಾಯಿತು, ಸದ್ದು ಕಡಿಮೆಯಾಯಿತು, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಸಂಗೀತ ಹಿಡಿಸಿತು. 1950ರ ದಶಕದ ಕೊನೆಯಲ್ಲಿ ಸ್ಟೀರಿಯೋ ಬಂತು: ವಿ ಆಕಾರದ ಗೀರಿನ ಒಳಗೋಡೆಯಲ್ಲಿ ಎಡಗಿವಿಯ ಧ್ವನಿ, ಹೊರಗೋಡೆಯಲ್ಲಿ ಬಲಗಿವಿಯ ಧ್ವನಿ.

ಅಳತೆಯ ವ್ಯತ್ಯಾಸವನ್ನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಬಲ್ಲವರು ಸುಲಭವಾಗಿ ಊಹಿಸಬಹುದು. ಗೂಡಿನಿಂದ ಬಿಚ್ಚಿದ ಒಂಟಿ ಎಳೆಯ ದಪ್ಪ ಸುಮಾರು 15ರಿಂದ 25 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದ 15–25 ಭಾಗ. ಎಲ್‌ಪಿಯ ಗೀರಿನ ಅಗಲ ಇಂಥ ಎರಡು ಮೂರು ಎಳೆಗಳಷ್ಟು. 78ರ ಗೀರು ಆರೇಳು ಎಳೆಗಳಷ್ಟು ಅಗಲ. ಅದಕ್ಕೆ ತಕ್ಕಂತೆ ಎಲ್‌ಪಿ ಮುಳ್ಳಿನ ಮೊನೆಯ ತ್ರಿಜ್ಯ ಸುಮಾರು 15–18 ಮೈಕ್ರಾನ್, 78ರದು ಸುಮಾರು 65–75 ಮೈಕ್ರಾನ್.

ಎಲ್‌ಪಿ ಮುಳ್ಳನ್ನು 78ರ ತಟ್ಟೆಗೆ ಇಟ್ಟರೆ ಅದು ಗೋಡೆಗಳನ್ನು ಮುಟ್ಟದೆ ತಳದ ದೂಳಿನಲ್ಲಿ ಅತ್ತಿತ್ತ ಓಲಾಡುತ್ತದೆ. ಧ್ವನಿಗಿಂತ ಗರಗರ ಸದ್ದೇ ಹೆಚ್ಚು, ಜೊತೆಗೆ ಕಲ್ಲಿನ ಪುಡಿ ವಜ್ರದ ಸಣ್ಣ ಮೊನೆಯನ್ನು ತೇಯುತ್ತದೆ. 78ರ ಮುಳ್ಳನ್ನು ಎಲ್‌ಪಿಗೆ ಇಟ್ಟರೆ ಇನ್ನೂ ಕೆಟ್ಟದ್ದು. ಅದು ಗೀರಿನೊಳಗೆ ಇಳಿಯಲಾರದೆ ಅಂಚುಗಳನ್ನೇ ಸವರಿಕೊಂಡು ಹೋಗುತ್ತದೆ. ಮೆತ್ತನೆಯ ವಿನೈಲಿನ ಮೇಲೆ ಆ ಗಾಯ ಶಾಶ್ವತ.

ವಿನೈಲ್ ಯುಗದಲ್ಲಿ ರಾಮನಗರಕ್ಕೂ ಗ್ರಾಮಫೋನಿಗೂ ಒಂದು ಸಂಬಂಧ ಬೆಳೆಯಿತು. ರಾಮದೇವರ ಬೆಟ್ಟದ ಸುತ್ತ 1973ರಿಂದ ಚಿತ್ರೀಕರಣಗೊಂಡ ಹಿಂದಿಯ 'ಶೋಲೆ' 1975ರ ಆಗಸ್ಟ್ 15ರಂದು ತೆರೆಕಂಡ ಮೇಲೆ, ಅದರ ಸಂಭಾಷಣೆಗಳನ್ನು ಪಾಲಿಡಾರ್ ಕಂಪನಿ ತಟ್ಟೆಯಾಗಿ ಬಿಡುಗಡೆ ಮಾಡಿತು. ಹಾಡಿಗಿಂತ ಮಾತಿಗಾಗಿ ಜನ ತಟ್ಟೆ ಕೊಂಡದ್ದು ಅಪರೂಪದ ಪ್ರಸಂಗ. ಕಾರ್ಟ್ರಿಜ್ ಪರೀಕ್ಷಿಸುವವರಿಗೆ ಇಂಥ ಮಾತಿನ ತಟ್ಟೆ ಒಳ್ಳೆಯ ಸಲಕರಣೆ: ಸವೆದ ಅಥವಾ ಸರಿಯಾಗಿ ಕೂರಿಸದ ಮುಳ್ಳು ಮೊದಲು ಎಡವುವುದು ಸಕಾರ, ಶಕಾರಗಳಲ್ಲಿ. ಸಂಗೀತದ ಗದ್ದಲದಲ್ಲಿ ಮರೆಯಾಗುವ ಒಡಕು ಬಿಡಿಮಾತಿನಲ್ಲಿ ಉಗುಳು ಸಿಡಿದಂತೆ ಕೇಳುತ್ತದೆ.

ಕಾರ್ಟ್ರಿಜ್ ಬಗೆಗಳು

ಹಳೆಯ ಪೆಟ್ಟಿಗೆ ಪ್ಲೇಯರ್‌ಗಳಲ್ಲಿ, ಉದಾಹರಣೆಗೆ ಎಚ್‌ಎಂವಿಯ ಫಿಯೆಸ್ಟಾದಂಥವುಗಳ ಕಾಲದಲ್ಲಿ, ಹರಳು ಅಥವಾ ಸೆರಾಮಿಕ್ ಕಾರ್ಟ್ರಿಜ್ ಸಾಮಾನ್ಯವಾಗಿತ್ತು. ಒತ್ತಿದರೆ ವಿದ್ಯುತ್ ಹುಟ್ಟುವ ವಸ್ತುವೊಂದನ್ನು ಮುಳ್ಳು ಬಗ್ಗಿಸುತ್ತದೆ. ಹರಳಿನ ಬಗೆಯಲ್ಲಿ ಬಳಸುತ್ತಿದ್ದ ರೋಷೆಲ್ ಉಪ್ಪು ತೇವಕ್ಕೂ ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿಗೂ ಕೆಡುತ್ತದೆ. ಹೆಂಚಿನ ಕೆಳಗಿನ ಅಟ್ಟದಲ್ಲಿ ದಶಕಗಳನ್ನು ಕಳೆದ ಪ್ಲೇಯರ್ ತಿರುಗಿದರೂ ಮಾತಾಡದಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ಸೆರಾಮಿಕ್ ಬಗೆ ಹೆಚ್ಚು ಗಟ್ಟಿ. ಇವುಗಳ ವಿದ್ಯುತ್ ಉತ್ಪತ್ತಿ ನೂರಾರು ಮಿಲಿವೋಲ್ಟ್. ಆದರೆ ಮುಳ್ಳಿನ ಮೇಲೆ ಐದಾರು ಗ್ರಾಂ ಭಾರ ಬೇಕು. ಇಂಥ ಹಲವು ಕಾರ್ಟ್ರಿಜ್‌ಗಳಲ್ಲಿ ಒಂದು ಪುಟ್ಟ ಹಿಡಿಯನ್ನು ತಿರುಗಿಸಿ 78ರ ಮುಳ್ಳನ್ನೂ ಎಲ್‌ಪಿ ಮುಳ್ಳನ್ನೂ ಅದಲುಬದಲು ಮಾಡುವ ವ್ಯವಸ್ಥೆ ಇರುತ್ತಿತ್ತು. ಈ ಹಿಡಿ ಯಾವ ಕಡೆಗಿದೆ ಎಂದು ನೋಡದೆ ನುಡಿಸಿದ್ದರಿಂದ ಹಾಳಾದ ಈಪಿಗಳು ಕಡಿಮೆಯಿರಲಾರವು. ಈಗ ಅಗ್ಗವಾಗಿ ಸಿಗುವ ಸೂಟ್‌ಕೇಸ್ ಮಾದರಿಯ ಹೊಸ ಪ್ಲೇಯರ್‌ಗಳಲ್ಲೂ ಸೆರಾಮಿಕ್ ಕಾರ್ಟ್ರಿಜ್ಜೇ ಇರುತ್ತದೆ. ನೋಟಕ್ಕೆ ಚೆಂದವಾದರೂ ಬೆಲೆಯುಳ್ಳ ತಟ್ಟೆಗಳಿಗೆ ಅವು ತಕ್ಕವಲ್ಲ.

ಇಂದು ಹೆಚ್ಚಿನವರಿಗೆ ಸಲ್ಲುವುದು ಮೂವಿಂಗ್ ಮ್ಯಾಗ್ನೆಟ್ ಬಗೆ. ಮುಳ್ಳಿನ ಕಡ್ಡಿಯ ಹಿಂತುದಿಯಲ್ಲಿ ಸಣ್ಣ ಅಯಸ್ಕಾಂತ, ಅದರ ಸುತ್ತ ಅಲುಗದ ತಂತಿಸುರುಳಿಗಳು. ಅಯಸ್ಕಾಂತ ಅಲುಗಿದಾಗ ಸುರುಳಿಗಳಲ್ಲಿ 3ರಿಂದ 6 ಮಿಲಿವೋಲ್ಟ್‌ನಷ್ಟು ವಿದ್ಯುತ್ ಹುಟ್ಟುತ್ತದೆ. ಭಾರ ಒಂದೂವರೆಯಿಂದ ಎರಡೂವರೆ ಗ್ರಾಂ ಸಾಕು. ಮುಳ್ಳನ್ನು ಕೈಯಿಂದಲೇ ಎಳೆದು ಬದಲಿಸಬಹುದೆಂಬುದು ಇದರ ದೊಡ್ಡ ಅನುಕೂಲ. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿಯಂಥವುಗಳಲ್ಲಿ ಒಂದೇ ಕಾರ್ಟ್ರಿಜ್ ಒಡಲಿಗೆ ಎಲ್‌ಪಿ ಮುಳ್ಳನ್ನೂ 78ರ ಮುಳ್ಳನ್ನೂ ಸರದಿಯಂತೆ ತೊಡಿಸಬಹುದು. ಮೊದಲನೆಯದಕ್ಕೆ ಸುಮಾರು 2 ಗ್ರಾಂ, ಎರಡನೆಯದಕ್ಕೆ ಸುಮಾರು 5 ಗ್ರಾಂ ಭಾರ. ಎರಡೂ ಬಗೆಯ ತಟ್ಟೆಗಳಿರುವ ಮನೆಗೆ ಇದಕ್ಕಿಂತ ಸರಳವಾದ ದಾರಿ ಇಲ್ಲ. ಮುಳ್ಳು ಬದಲಿಸಿದಾಗ ಭಾರವನ್ನೂ ಬದಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಮೂವಿಂಗ್ ಕಾಯಿಲ್ ಬಗೆಯಲ್ಲಿ ಅಲುಗುವುದು ಸುರುಳಿ, ನಿಲ್ಲುವುದು ಅಯಸ್ಕಾಂತ. ಉತ್ಪತ್ತಿ ಬಹುತೇಕ ಅರ್ಧ ಮಿಲಿವೋಲ್ಟಿಗಿಂತ ಕಡಿಮೆ, ಬೆಲೆ ಹೆಚ್ಚು, ಮುಳ್ಳು ಸವೆದರೆ ಇಡೀ ಕಾರ್ಟ್ರಿಜ್ಜನ್ನೇ ಕಾರ್ಖಾನೆಗೆ ಕಳುಹಿಸಬೇಕು. ಜಪಾನಿನ ಪ್ರಸಾರ ಸಂಸ್ಥೆಗಾಗಿ 1960ರ ದಶಕದಲ್ಲಿ ರೂಪುಗೊಂಡ ಡೆನನ್ ಡಿಎಲ್-103 ಈ ಬಗೆಯಲ್ಲಿ ಹೆಸರಾದದ್ದು. ಮೊದಲ ಬಾರಿಗೆ ಕಾರ್ಟ್ರಿಜ್ ಕೊಳ್ಳುವವರು ಇದರ ಗೊಡವೆಗೆ ಹೋಗಬೇಕಾಗಿಲ್ಲ.

ಮುಳ್ಳಿನ ಆಕಾರ

ವಜ್ರದ ಮೊನೆಯನ್ನು ಗೋಲದಂತೆ ಉರುಟಾಗಿ ತೀಡಿದ್ದರೆ ಅದು ಶಂಕು ಮುಳ್ಳು. ಎರಡು ಬದಿ ಚಪ್ಪಟೆಯಾಗಿ ತೀಡಿದ್ದರೆ ದೀರ್ಘವೃತ್ತದ ಮುಳ್ಳು. ಗೀರಿನ ಗೋಡೆಯ ಮೇಲೆ ಉದ್ದುದ್ದವಾಗಿ ಗೆರೆಯಂತೆ ತಾಗುವ ಶಿಬಾಟ ಮೊದಲಾದ ಸೂಕ್ಷ್ಮ ಆಕಾರಗಳೂ ಇವೆ. ತಟ್ಟೆಯ ಹೊರ ಅಂಚಿನಲ್ಲಿ ಎಲ್‌ಪಿಯ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಗಿದರೆ, ಒಳ ಅಂಚಿನಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ. ಅದೇ ಧ್ವನಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ದಪ್ಪ ಶಂಕು ಮುಳ್ಳು ಆ ಇಕ್ಕಟ್ಟಿನಲ್ಲಿ ಸೂಕ್ಷ್ಮ ತಿರುವುಗಳನ್ನು ಬಿಟ್ಟುಬಿಡುವುದರಿಂದ ಬದಿಯ ಕೊನೆಯ ಹಾಡು ಮಂಕಾಗಿ ಒಡಕಾಗಿ ಕೇಳುತ್ತದೆ. ದೀರ್ಘವೃತ್ತದ ಮುಳ್ಳು ಅಲ್ಲಿ ಮೇಲು. ಆದರೆ ಸೂಕ್ಷ್ಮವಾದಷ್ಟೂ ಅದನ್ನು ಕೂರಿಸುವ ಕೆಲಸವೂ ನಿಖರವಾಗಬೇಕು. ವಕ್ರವಾಗಿ ಕೂತ ದುಬಾರಿ ಮುಳ್ಳಿಗಿಂತ ನೇರವಾಗಿ ಕೂತ ಸಾಧಾರಣ ಮುಳ್ಳು ಲೇಸು.

ಸವೆದ 78ರ ತಟ್ಟೆಗಳ ವಿಷಯದಲ್ಲಿ ಪರಿಣತರು ಬಳಸುವ ಒಂದು ಉಪಾಯವಿದೆ. ಹಳೆಯ ಉಕ್ಕಿನ ಮುಳ್ಳು ಗೋಡೆಯ ಒಂದು ಎತ್ತರದಲ್ಲಿ ಮಾತ್ರ ಸವೆಸಿರುತ್ತದೆ. ಸ್ವಲ್ಪ ದಪ್ಪನೆಯ ಅಥವಾ ಸ್ವಲ್ಪ ಸಣ್ಣನೆಯ ಮುಳ್ಳು ಅದರ ಮೇಲೋ ಕೆಳಗೋ, ಸವೆಯದ ಜಾಗದಲ್ಲಿ ತಾಗುತ್ತದೆ. ಮುಗಿದೇಹೋಯಿತೆಂದು ಬದಿಗಿಟ್ಟ ತಟ್ಟೆಯಿಂದ ಗಾಯಕನ ಧ್ವನಿ ಮತ್ತೆ ಎದ್ದು ಬರುವುದುಂಟು.

ತೋಳಿಗೂ ಕಾರ್ಟ್ರಿಜ್ಜಿಗೂ ಹೊಂದಿಕೆ

ಮುಳ್ಳಿನ ಕಡ್ಡಿ ಸಣ್ಣ ಸ್ಪ್ರಿಂಗಿನಂತೆ ವರ್ತಿಸುತ್ತದೆ, ತೋಳು ಅದಕ್ಕೆ ಕಟ್ಟಿದ ಭಾರದಂತೆ. ಎರಡೂ ಸೇರಿ ಒಂದು ನಿರ್ದಿಷ್ಟ ಗತಿಯಲ್ಲಿ ತೂಗಾಡುವ ಸ್ವಭಾವ ಪಡೆಯುತ್ತವೆ. ಆ ಗತಿ ಸೆಕೆಂಡಿಗೆ 8ರಿಂದ 12 ಸಲ, ಅಂದರೆ 8–12 ಹರ್ಟ್ಸ್ ಒಳಗಿರಬೇಕು. ಅದಕ್ಕಿಂತ ಕಡಿಮೆಯಾದರೆ ಸೊಟ್ಟಗಾದ ತಟ್ಟೆಯ ಏರಿಳಿತಕ್ಕೂ ಮನೆಯ ನಡಿಗೆಯ ಅದುರಿಗೂ ತೋಳು ಕುಣಿಯುತ್ತದೆ. ಹೆಚ್ಚಾದರೆ ಸಂಗೀತದ ತಗ್ಗಿನ ಸ್ವರಗಳಿಗೇ ಅದುರುತ್ತದೆ. ಲೆಕ್ಕ ಸುಲಭ. ತೋಳಿನ ಪರಿಣಾಮಿ ಭಾರ, ಕಾರ್ಟ್ರಿಜ್ ಭಾರ, ತಿರುಪುಗಳ ಭಾರ, ಮೂರನ್ನೂ ಗ್ರಾಂನಲ್ಲಿ ಕೂಡಿಸಿ, ಕಾರ್ಟ್ರಿಜ್ ಕೈಪಿಡಿಯಲ್ಲಿ ಕೊಟ್ಟಿರುವ ಕಂಪ್ಲಯನ್ಸ್ ಅಂಕಿಯಿಂದ ಗುಣಿಸಿ, ಬಂದದ್ದರ ವರ್ಗಮೂಲದಿಂದ 159ನ್ನು ಭಾಗಿಸಬೇಕು. ತೋಳು 12 ಗ್ರಾಂ, ಕಾರ್ಟ್ರಿಜ್ 6.5, ತಿರುಪು 1.5 ಆದರೆ ಒಟ್ಟು 20. ಕಂಪ್ಲಯನ್ಸ್ 12 ಇದ್ದರೆ ಗುಣಲಬ್ಧ 240, ಅದರ ವರ್ಗಮೂಲ ಸುಮಾರು 15.5, ಉತ್ತರ 10.3 ಹರ್ಟ್ಸ್. ಅದೇ ತೋಳಿಗೆ ಕಂಪ್ಲಯನ್ಸ್ 30ರ ಮೆತ್ತನೆಯ ಕಾರ್ಟ್ರಿಜ್ ಹಾಕಿದರೆ ಉತ್ತರ 6.5ಕ್ಕೆ ಇಳಿಯುತ್ತದೆ, ಅದು ಕೂಡದು.

ಜಪಾನಿನ ತಯಾರಕರು ಈ ಅಂಕಿಯನ್ನು ಹೆಚ್ಚಾಗಿ 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತಾರೆ. ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಸ್ ಅಂಕಿ. ಅದು ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿರುತ್ತದೆ ಎಂದು ಇಟ್ಟುಕೊಳ್ಳಬೇಕು.

ಕೂರಿಸುವ ಕ್ರಮ

ಮೊದಲಿಗೆ ಟರ್ನ್‌ಟೇಬಲ್ ಇಟ್ಟ ಮೇಜು ಸಮವಾಗಿದೆಯೇ ಎಂದು ಗಾರೆಯವರ ರಸಮಟ್ಟದಿಂದ ನೋಡಿಕೊಳ್ಳಬೇಕು. ಆಂಪ್ಲಿಫೈಯರ್ ಆರಿಸಿರಬೇಕು. ಮುಳ್ಳಿನ ಮೇಲೆ ಅದರ ಪ್ಲಾಸ್ಟಿಕ್ ಮುಚ್ಚಳ ಇರಲಿ. ಹೆಚ್ಚಿನ ಮುಳ್ಳುಗಳು ಮುರಿಯುವುದು ನುಡಿಸುವಾಗ ಅಲ್ಲ, ಈ ಕೆಲಸದಲ್ಲಿ. ಕಾರ್ಟ್ರಿಜ್ಜಿನ ಹಿಂದೆ ನಾಲ್ಕು ಕಡ್ಡಿಗಳಿರುತ್ತವೆ. ಬಿಳಿ ತಂತಿ ಎಡದ ಧನ, ನೀಲಿ ಎಡದ ಋಣ, ಕೆಂಪು ಬಲದ ಧನ, ಹಸಿರು ಬಲದ ಋಣ. ಚಿಮಟದಿಂದ ತಂತಿಯ ಲೋಹದ ತುದಿಯನ್ನು ಹಿಡಿದು ತೊಡಿಸಬೇಕು, ತಂತಿಯನ್ನೇ ಎಳೆಯಬಾರದು. ಅರ್ಧ ಇಂಚು ಅಂತರದ ಎರಡು ತಿರುಪುಗಳಿಂದ ಕಾರ್ಟ್ರಿಜ್ಜನ್ನು ಹೆಡ್‌ಶೆಲ್ಲಿಗೆ ಸಡಿಲವಾಗಿ ಕಟ್ಟಬೇಕು, ಬೆರಳಿನಿಂದ ತಳ್ಳಿದರೆ ಜರುಗುವಷ್ಟು.

ಬಳಿಕ ಭಾರ. ತೋಳಿನ ಹಿಂದಿರುವ ಎದುರುಭಾರವನ್ನು ತಿರುಗಿಸುತ್ತಾ, ತೋಳು ತಕ್ಕಡಿಯಂತೆ ಮೇಲೂ ಏಳದೆ ಕೆಳಗೂ ಬೀಳದೆ ತೇಲಿ ನಿಲ್ಲುವಂತೆ ಮಾಡಬೇಕು. ಈ ಕ್ಷಣದಲ್ಲಿ ಮುಳ್ಳಿನ ಮುಚ್ಚಳ ತೆಗೆದಿರಬೇಕು, ಪಾರ್ಶ್ವಸೆಳೆತ ತಡೆಯುವ ಗುಂಡಿ ಸೊನ್ನೆಯಲ್ಲಿರಬೇಕು. ಆಗ ಅಂಕಿಯ ಉಂಗುರವನ್ನು ಸೊನ್ನೆಗೆ ತಂದು, ಎದುರುಭಾರವನ್ನು ಉಂಗುರದೊಡನೆ ತಿರುಗಿಸಿ ಕೈಪಿಡಿ ಹೇಳಿದ ಭಾರಕ್ಕೆ ನಿಲ್ಲಿಸುವುದು. ಉಂಗುರದ ಅಂಕಿ ಅಂದಾಜು ಮಾತ್ರ. ಗ್ರಾಂನ ನೂರನೆಯ ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಗಳು ಈಗ ಸಿಗುತ್ತವೆ. ಈ ಕೆಲಸಕ್ಕೆಂದೇ ಮಾಡಿದ, ತಟ್ಟೆಯಷ್ಟೇ ಎತ್ತರದ, ಅಯಸ್ಕಾಂತಕ್ಕೆ ಅಂಟದಂಥದ್ದನ್ನು ಆರಿಸಬೇಕು.

ಭಾರ ಕಡಿಮೆಯಿದ್ದರೆ ತಟ್ಟೆ ಸುರಕ್ಷಿತ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಹಗುರಾದ ಮುಳ್ಳು ಜೋರಾದ ಸ್ವರಗಳಲ್ಲಿ ಗೋಡೆಯಿಂದ ಗೋಡೆಗೆ ಚಿಮ್ಮಿ, ಹೊಕ್ಕಲ್ಲೆಲ್ಲ ಚಕ್ಕೆಯೆಬ್ಬಿಸುತ್ತದೆ. ತಯಾರಕರು ಕೊಟ್ಟ ಮಿತಿಯ ಮಧ್ಯದಲ್ಲೋ ಸ್ವಲ್ಪ ಮೇಲೋ ಇಡುವುದು ಕ್ಷೇಮ.

ಮುಂದಿನದು ಕೋನ. ಕಾರ್ಖಾನೆಯಲ್ಲಿ ಮೂಲ ತಟ್ಟೆ ಕೊರೆಯುವ ಉಳಿ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ಮನೆಯ ತೋಳು ಒಂದು ಗೂಟದ ಸುತ್ತ ಕಮಾನಿನಂತೆ ತಿರುಗುತ್ತದೆ. ಆದ್ದರಿಂದ ಮುಳ್ಳು ಗೀರಿಗೆ ಪೂರ್ತಿ ನೇರವಾಗಿರುವುದು ಎರಡೇ ಜಾಗಗಳಲ್ಲಿ. ಉಳಿದ ಕಡೆಯ ಓರೆ ಅತಿ ಕಡಿಮೆ ಇರುವಂತೆ ಆ ಎರಡು ಜಾಗಗಳನ್ನು ಗೊತ್ತುಮಾಡುವ ಗಣಿತವನ್ನು ಸ್ವೀಡನ್ನಿನ ಲೋಫ್‌ಗ್ರೆನ್ 1938ರಲ್ಲಿ, ಬೇರ್‌ವಾಲ್ಡ್ 1941ರಲ್ಲಿ ಬಿಡಿಸಿಟ್ಟರು. ಹನ್ನೆರಡು ಇಂಚಿನ ಎಲ್‌ಪಿಗೆ ಅವು ನಡುವಿನಿಂದ ಸುಮಾರು 66 ಮತ್ತು 121 ಮಿಲಿಮೀಟರ್ ದೂರದಲ್ಲಿ ಬರುತ್ತವೆ. ಈ ಎರಡು ಬಿಂದುಗಳೂ ಚೌಕುಳಿ ಗೆರೆಗಳೂ ಇರುವ ಅಳತೆ ಹಾಳೆಯನ್ನು ತಟ್ಟೆಯ ಜಾಗದಲ್ಲಿಟ್ಟು, ಮುಳ್ಳನ್ನು ಒಂದೊಂದು ಬಿಂದುವಿನ ಮೇಲೂ ಇಳಿಸಿ, ಕಾರ್ಟ್ರಿಜ್ಜಿನ ಒಡಲಿಗಿಂತ ಮುಳ್ಳಿನ ಕಡ್ಡಿ ಗೆರೆಗೆ ಸಮಾಂತರವಾಗಿದೆಯೇ ಎಂದು ನೋಡಬೇಕು. ಒಂದು ಬಿಂದುವಿನಲ್ಲಿ ಸರಿಹೋಗಿ ಇನ್ನೊಂದರಲ್ಲಿ ಓರೆಯಾದರೆ ಕಾರ್ಟ್ರಿಜ್ಜನ್ನು ಹಿಂದಕ್ಕೋ ಮುಂದಕ್ಕೋ ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಬೇಕು. ಮೊದಲ ಸಲ ಇದಕ್ಕೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಹಾಳೆಯನ್ನು ಮುದ್ರಿಸಿಕೊಂಡಿದ್ದರೆ ಅದರ ಮೇಲಿನ ಅಳತೆಗೆರೆಯನ್ನು ಸ್ಕೇಲಿಟ್ಟು ಪರಿಶೀಲಿಸುವುದು ಅವಶ್ಯ. ಮುದ್ರಣಯಂತ್ರಗಳು ಪುಟಕ್ಕೆ ಹೊಂದಿಸಲು ಅಳತೆಯನ್ನು ಸದ್ದಿಲ್ಲದೆ ಕುಗ್ಗಿಸುತ್ತವೆ.

1960–70ರ ದಶಕದ ಕನ್ನಡ ಚಿತ್ರಗೀತೆಗಳು ಬಹಳಷ್ಟು ಏಳು ಇಂಚಿನ ಈಪಿಗಳಲ್ಲಿ ಬಂದವು. ಇವುಗಳ ಗೀರು ನಡುವಿನಿಂದ ಸುಮಾರು 84 ಮಿಲಿಮೀಟರಿನಲ್ಲಿ ಆರಂಭವಾಗುವುದರಿಂದ 121ರ ಬಿಂದು ಅವುಗಳ ಹೊರಗೇ ಬೀಳುತ್ತದೆ. ಸಂಗ್ರಹದಲ್ಲಿ ಈಪಿಗಳೇ ಹೆಚ್ಚಾಗಿದ್ದರೆ, ಒಳಬಿಂದುವನ್ನು ಸುಮಾರು 60 ಮಿಲಿಮೀಟರಿಗೆ ಇಡುವ ಸ್ಟೀವನ್‌ಸನ್ ಪದ್ಧತಿಯ ಹಾಳೆ ಬಳಸುವುದು ವಿವೇಕದ ಮಾತು.

ತಿರುಪು ಬಿಗಿದ ಮೇಲೆ ಭಾರವನ್ನು ಮತ್ತೊಮ್ಮೆ ಅಳೆಯಬೇಕು, ಸರಿಸಿದ್ದರಿಂದ ಅದು ಬದಲಾಗಿರುತ್ತದೆ. ಮುಂದಿನಿಂದ ನೋಡಿದರೆ ಮುಳ್ಳು ಲಂಬವಾಗಿ ನಿಂತಿರಬೇಕು. ತೆಳು ಕನ್ನಡಿಯ ಚೂರೊಂದರ ಮೇಲೆ ಮುಳ್ಳನ್ನು ಇಳಿಸಿದರೆ ಅದೂ ಅದರ ಬಿಂಬವೂ ಒಂದೇ ಗೆರೆಯಲ್ಲಿ ಕಾಣಬೇಕು. ಬದಿಯಿಂದ ನೋಡಿದರೆ ತೋಳು ತಟ್ಟೆಗೆ ಸಮಾಂತರವಾಗಿರಬೇಕು. ಕೊನೆಗೆ ಪಾರ್ಶ್ವಸೆಳೆತದ ಗುಂಡಿ: ತಿರುಗುವ ತಟ್ಟೆ ಬಾಗಿದ ತೋಳನ್ನು ಒಳಕ್ಕೆ ಎಳೆಯುತ್ತದೆ, ಅದನ್ನು ಈ ಗುಂಡಿ ಹೊರಕ್ಕೆ ಜಗ್ಗಿ ಸರಿದೂಗಿಸುತ್ತದೆ. ಸಾಮಾನ್ಯವಾಗಿ ಮುಳ್ಳಿನ ಭಾರದ ಅಂಕಿಯನ್ನೇ ಇದಕ್ಕೂ ಕೊಡಲಾಗುತ್ತದೆ. ಬಲಗಡೆಯ ಸ್ಪೀಕರಿನಲ್ಲಿ ಮಾತ್ರ ಒಡಕು ಕೇಳಿದರೆ ಸೆಳೆತ ತಡೆ ಸಾಲದೆಂದು ತಿಳಿಯಬೇಕು.

ಆಂಪ್ಲಿಫೈಯರ್ ಮತ್ತು ವೇಗ

ಕಾರ್ಟ್ರಿಜ್ ಸರಿಯಿದ್ದೂ ಧ್ವನಿ ಕ್ಷೀಣವಾಗಿ, ತಗ್ಗಿನ ಸ್ವರವಿಲ್ಲದೆ ಕೀಚಲಾಗಿ ಕೇಳಿದರೆ ಫೋನೋ ಪ್ರವರ್ಧಕ ಇಲ್ಲವೆಂದು ಅರ್ಥ. ಎಲ್‌ಪಿ ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ ಎತ್ತರದ ಸ್ವರಗಳನ್ನು ಹಿಗ್ಗಿಸಲಾಗಿರುತ್ತದೆ. ಇಲ್ಲದಿದ್ದರೆ ಗೀರಿಗೆ ಜಾಗ ಸಾಲದು. 1954ರಿಂದ ಬಳಕೆಗೆ ಬಂದ ಆರ್‌ಐಎಎ ನಿಯಮದಂತೆ ಪ್ರವರ್ಧಕ ಅದನ್ನು ತಿರುಗುಮುರುಗು ಮಾಡಿ ಸರಿಪಡಿಸುತ್ತದೆ. ಮೂವಿಂಗ್ ಮ್ಯಾಗ್ನೆಟ್ಟಿಗೆ ಅದರ ತಡೆ 47 ಕಿಲೋ ಓಮ್ ಇರಬೇಕು. ಸೆರಾಮಿಕ್ ಕಾರ್ಟ್ರಿಜ್ಜಿಗೆ ಈ ಪ್ರವರ್ಧಕ ಬೇಡ. ಗುಂಯ್‌ಗುಡುವ ಸದ್ದಿದ್ದರೆ ಮೊದಲು ಟರ್ನ್‌ಟೇಬಲ್ಲಿನ ಭೂಸಂಪರ್ಕದ ತಂತಿಯನ್ನು ಆಂಪ್ಲಿಫೈಯರಿನ ತಿರುಪಿಗೆ ಕಟ್ಟಿದೆಯೇ ಎಂದು ನೋಡಬೇಕು.

ಅರಗಿನ ತಟ್ಟೆಗಳು ಈ ನಿಯಮಕ್ಕಿಂತ ಹಿಂದಿನವು. ಅವುಗಳಲ್ಲಿ ತಗ್ಗಿನ ಸ್ವರಗಳನ್ನು ಸುಮಾರು 250–300 ಹರ್ಟ್ಸ್‌ನಿಂದ ಕೆಳಗೆ ಕುಗ್ಗಿಸುತ್ತಿದ್ದರು, ಎತ್ತರದವನ್ನು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ಆರ್‌ಐಎಎ ಮೂಲಕ ಕೇಳಿದರೆ ಅವು ಕಂಬಳಿ ಹೊದ್ದಂತೆ ಕೇಳುತ್ತವೆ. ಎತ್ತರದ ಸ್ವರದ ಗುಂಡಿಯನ್ನು ಏರಿಸಿ ಸ್ವಲ್ಪಮಟ್ಟಿಗೆ ಸರಿಪಡಿಸಬಹುದು. ಗೀರು ಅಕ್ಕಪಕ್ಕಕ್ಕೆ ಮಾತ್ರ ಅಲೆಯುವ ಇಂಥ ಮೋನೋ ತಟ್ಟೆಗಳಿಗೆ ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿದರೆ ಮೇಲೆಕೆಳಗಿನ ಅಲುಗಾಟದಿಂದ ಬರುವ ಸದ್ದು ಕಳೆದುಹೋಗುತ್ತದೆ.

ವೇಗವೂ ಮುಖ್ಯ. ಇಂದಿನ ಅನೇಕ ಟರ್ನ್‌ಟೇಬಲ್‌ಗಳಲ್ಲಿ 78 ಇರುವುದೇ ಇಲ್ಲ, ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಆರಂಭದ ತಟ್ಟೆಗಳನ್ನು ಎಲ್ಲವನ್ನೂ ಕರಾರುವಾಕ್ಕಾಗಿ 78ರಲ್ಲೇ ಮುದ್ರಿಸಿರಲಿಲ್ಲ. 80ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಸುಮಾರು ಕಾಲು ಸ್ವರದಷ್ಟು, ಅಂದರೆ ಹಾರ್ಮೋನಿಯಂನ ಪಕ್ಕದ ಮನೆಗಿರುವ ದೂರದ ಅರ್ಧಕ್ಕೆ ತುಸು ಕಡಿಮೆ ಇಳಿಯುತ್ತದೆ. ಸಂಗೀತ ಬಲ್ಲ ಕಿವಿಗೆ ಇದು ಮೊದಲ ಪಲುಕಿನಲ್ಲೇ ಗೊತ್ತಾದೀತು.

ಸವೆತ ಮತ್ತು ಶುಚಿ

ವಜ್ರದ ಮುಳ್ಳಿನ ಆಯಸ್ಸು ಸಾಮಾನ್ಯವಾಗಿ 500ರಿಂದ 1000 ಗಂಟೆ. ದಿನಕ್ಕೊಂದು ಎಲ್‌ಪಿಯ ಎರಡೂ ಬದಿ, ಮುಕ್ಕಾಲು ಗಂಟೆ, ಎಂದು ಹಿಡಿದರೆ ಎರಡರಿಂದ ಮೂರು ವರ್ಷ ಚಿಲ್ಲರೆ. ನೀಲಮಣಿಯ ಅಗ್ಗದ ಮುಳ್ಳು ಕೆಲವೇ ಹತ್ತು ಗಂಟೆಗಳಲ್ಲಿ ಸವೆಯುತ್ತದೆ. ಹಳೆಯ ಪ್ಲೇಯರಿನೊಡನೆ ಬಂದ, ಎಷ್ಟು ಓಡಿದೆಯೆಂದು ಯಾರಿಗೂ ತಿಳಿಯದ ಮುಳ್ಳಿನಿಂದ ಒಂದು ತಟ್ಟೆಯನ್ನೂ ನುಡಿಸಬಾರದು. ಅದನ್ನು ಬದಲಿಸುವ ವೆಚ್ಚ ತಟ್ಟೆಯ ಮುಂದೆ ದೊಡ್ಡದಲ್ಲ. ಖಾಸಗಿಯಾಗಿ ಉಳಿದ ಹಲವು 78ರ ತಟ್ಟೆಗಳಿಗೆ ಇನ್ನೊಂದು ಪ್ರತಿ ಸಿಗುವುದೇ ಕಷ್ಟ. ಅಂಥದ್ದನ್ನು ಗಣಕಕ್ಕೆ ಇಳಿಸಿಕೊಳ್ಳುವುದಿದ್ದರೆ ಮುಳ್ಳು, ಭಾರ, ವೇಗ ಎಲ್ಲವನ್ನೂ ಬೆಲೆಯಿಲ್ಲದ ತಟ್ಟೆಯೊಂದರ ಮೇಲೆ ಹೊಂದಿಸಿಕೊಂಡು, ಬೇಕಾದದ್ದನ್ನು ಒಂದೇ ಸಲ ನುಡಿಸುವುದು ರೂಢಿ.

ಮುಳ್ಳನ್ನು ಮೆದು ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಬೇಕು. ಅಡ್ಡಡ್ಡ ಸವರಿದರೆ ಕಡ್ಡಿ ಮುರಿಯುತ್ತದೆ. ವಿನೈಲ್ ತಟ್ಟೆಯನ್ನು ಬಟ್ಟಿಯಿಳಿಸಿದ ನೀರಿಗೆ ಒಂದೆರಡು ಹನಿ ಸೌಮ್ಯ ಮಾರ್ಜಕ ಬೆರೆಸಿ, ಲೇಬಲ್ ನೆನೆಯದಂತೆ ತೊಳೆಯಬಹುದು. ಮಾರುಕಟ್ಟೆಯ ಕೆಲವು ತಟ್ಟೆ ಶುಚಿಗೊಳಿಸುವ ದ್ರವಗಳಲ್ಲಿ ಸ್ಪಿರಿಟ್ ಇರುತ್ತದೆ. ಅದನ್ನು 78ರ ತಟ್ಟೆಗೆ ಸೋಕಿಸಲೇಬಾರದು. ಮರಗೆಲಸದವರು ಮೆರುಗಿಗಾಗಿ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲಿಯೇ. ತಟ್ಟೆಯ ಮೇಲೂ ಅದು ಅದೇ ಕೆಲಸ ಮಾಡುತ್ತದೆ, ಗೀರು ಕರಗಿ ಮಸುಕಾಗುತ್ತದೆ. ಅರಗಿನ ತಟ್ಟೆಗೆ ನೀರು ಮತ್ತು ಮೆದು ಬಟ್ಟೆ ಸಾಕು, ಅದೂ ನೆನೆಸಿಡದೆ, ಕೂಡಲೇ ಒರೆಸಿ ನೆರಳಿನಲ್ಲಿ ಆರಿಸಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದರಿಂದ ತಟ್ಟೆಗಳನ್ನು ಗೋಡೆಗೆ ತಾಗಿಸದೆ, ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು.